ಏಳು ಪಾವು ಅಕ್ಕಿ

ಆಗೆಲ್ಲ ನಮ್ಮ ಕಡೆ ದಿನದ ಊಟಕ್ಕೆ ರಾಗಿಮುದ್ದೆ. ಅನ್ನ ಕಾಣುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಜ್ವರ ಬಂದವರ ಗಂಜಿಯಲ್ಲಿ. ಹಾರನಹಳ್ಳಿಗೆ ಎರಡು ಮೈಲಿ ದೂರದ ನಮ್ಮ ಊರಿನ ದೇವಸ್ಥಾನಕ್ಕೆ ಅಪ್ಪ ಅರ್ಚಕರು. ಗಂಡ ಸತ್ತ ಮೇಲೆ ಮಗಳು ಪುಟ್ಟಿಯೊಂದಿಗೆ ನಮ್ಮ ಮನೆಗೆ ಬಂದಿದ್ದ ಅಪ್ಪನ ತಂಗಿ ಸೀತತ್ತೆ ಅಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದರು. ಆ ಕೆಲಸಕ್ಕೆ ಸಿಗುತ್ತಿದ್ದ ಒಂದು ಪಾಲು ಹುಗ್ಗಿಯೇ ತಾಯಿ ಮಗಳ ಊಟ.

ದೇವರ ಅಕ್ಕಿ ಅಳೆಯಲು ಎರಡೇ ಹಿತ್ತಾಳೆ ಪಾತ್ರೆ. ಊರಿನ ಎರಡು ಮನೆತನದವರು ಸೇವೆಗೆಂದು ಕೊಟ್ಟದ್ದು. ಒಂದು ಮೂರು ಪಾವಿನದು, ಇನ್ನೊಂದು ಐದು ಪಾವಿನದು. ಅರ್ಧ ತುಂಬಿ ಹಾಕುವಂತಿಲ್ಲ. ಕೊಪ್ಪರಿಗೆಗೆ ಒಮ್ಮೆ ಬಿದ್ದ ಅಕ್ಕಿಯನ್ನು ಮತ್ತೆ ತೆಗೆಯುವಂತಿಲ್ಲ. ದಿನಕ್ಕೆ ಎರಡರಿಂದಲೂ ಒಂದೊಂದು ಸಲ, ಎಂಟು ಪಾವು. ಹಬ್ಬದ ದಿನ ಹನ್ನೊಂದೋ ಹದಿಮೂರೋ.

ಹಸಿ ಸೌದೆಯ ಹೊಗೆ, ತುಪ್ಪ, ಮೆಣಸಿನ ವಾಸನೆಯ ಆ ಅಡುಗೆಮನೆಯಲ್ಲಿ ಅತ್ತೆ ನನಗೆ ಹುಣಸೆಬೀಜದ ಆಟ ಕಲಿಸಿದರು. ಮೂರರ ಗುಡ್ಡೆ, ಐದರ ಗುಡ್ಡೆ. ಹೇಳಿದ ಸಂಖ್ಯೆಯನ್ನು ಗುಡ್ಡೆಗಳಲ್ಲೇ ಕೂಡಿಸಬೇಕು, ಗುಡ್ಡೆ ಒಡೆಯಬಾರದು.

"ಇಪ್ಪತ್ತೆರಡು?"

"ಐದರದು ಎರಡು, ಮೂರರದು ನಾಲ್ಕು."

"ಜಾಣೆ. ಏಳು?"

ನಾನು ಮಧ್ಯಾಹ್ನವಿಡೀ ತಿಣುಕಿದೆ.

"ಬರಲ್ಲ ಕಣೇ ಪೆದ್ದಿ. ಒಂದು, ಎರಡು, ನಾಲ್ಕು, ಏಳು, ಇವಿಷ್ಟು ಬರೋದೇ ಇಲ್ಲ. ಎಂಟು, ಒಂಬತ್ತು, ಹತ್ತು ಬಂತಲ್ಲ? ಅವಕ್ಕೆ ಮೂರು ಮೂರು ಸೇರಿಸ್ತಾ ಹೋಗು. ಮುಂದೆ ಯಾವ್ದೂ ತಪ್ಪಿಸ್ಕೊಳ್ಳಲ್ಲ. ಏಳೇ ಕೊನೇದು."

ನನಗೆ ಒಂಬತ್ತು ವರ್ಷ. ಆ ಮಳೆಗಾಲದಲ್ಲಿ ಪುಟ್ಟಿ ಜ್ವರದಲ್ಲಿ ಮಲಗಿದ್ದಳು. ಹುಗ್ಗಿ ಕೊಟ್ಟರೆ ವಾಂತಿ. ಗಂಜಿಗೆ ಮನೆಯಲ್ಲಿ ಅಕ್ಕಿ ಇರಲಿಲ್ಲ.

ಮುಂದಿನದನ್ನು ದಿನಚರಿಯಲ್ಲಿ ಮೂರು ಸಲ ಬರೆದಿದ್ದೇನೆ. ಮೂರೂ ಒಂದರಂತೆ ಒಂದಿಲ್ಲ. ಮೂರರಲ್ಲೂ ಇರುವುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ದೇವಸ್ಥಾನದ ಉಸ್ತುವಾರಿ ನೋಡುತ್ತಿದ್ದ ಗೌಡರು ಒಂದು ದಿನ ಪ್ರಸಾದ ಹಂಚುವ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ಕೊಪ್ಪರಿಗೆಯೊಳಗೆ ಇಣುಕಿದರು.

"ಇದೇನವ್ವಾ, ಇವತ್ತು ಇಷ್ಟೇ ಐತೆ? ದೇವ್ರೇನು ಒಪ್ಪತ್ತು ಹಿಡ್ದವ್ನಾ?"

ಅತ್ತೆ ಸೌಟು ಕೆಳಗಿಟ್ಟರು. "ಅಕ್ಕಿ ತಳ ಕಂಡಿತ್ತು, ಗೌಡ್ರೇ. ಏಳೇ ಪಾವು ಹಾಕ್ದೆ."

"ಹೇಳ್ಬಾರ್ದಾ? ನಾಳೀಕೆ ಮೂಟೆ ಕಳುಸ್ತೀನಿ ಬಿಡು," ಎಂದು ಗೌಡರು ಹೊರಟೇಬಿಟ್ಟಿದ್ದರು.

"ಏಳು ಬರಲ್ಲ!" ಎಂದೆ ನಾನು. "ಅತ್ತೆ, ನೀವೇ ಹೇಳಿದ್ರಲ್ಲ, ಏಳು ಬರೋದೇ ಇಲ್ಲ ಅಂತ!"

ಗೌಡರು ತಿರುಗಿದರು. ಗೋಡೆಗೊರಗಿಸಿದ್ದ ಎರಡು ಪಾತ್ರೆಗಳನ್ನು ನೋಡಿದರು, ಬೆರಳು ಮಡಿಚಿದರು. "ಮಗ ಸರ್ಯಾಗೇ ಹೇಳ್ತು. ಹಂಗಾರೆ ಹಾಕಿರೋದು ಐದು. ಇನ್ನ ಮೂರು ಎಲ್ಲೈತವ್ವಾ?"

ಅತ್ತೆ ಸೌದೆಯ ಹಿಂದಿನಿಂದ ಬಟ್ಟೆಯ ಗಂಟೊಂದನ್ನು ತಂದು ಹೊಸ್ತಿಲ ಮೇಲೆ ಇಟ್ಟರು. ಅಪ್ಪ ಅಲ್ಲೇ ಇದ್ದರು. ತಂಗಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಅವರ ಕೆಲಸವೂ ಗೌಡರ ಕೈಯಲ್ಲಿತ್ತು.

ತಿಳಿಯದ ಮಗು ಎಂದು ಆಮೇಲೆ ಎಲ್ಲರೂ ನನ್ನನ್ನು ಬಿಟ್ಟುಬಿಟ್ಟರು. ಆದರೆ ಗೌಡರೆದುರು ಜಾಣೆ ಎನ್ನಿಸಿಕೊಳ್ಳುವ ಆಸೆ ನನಗಿತ್ತು. ಈ ಒಂದು ವಿಷಯದಲ್ಲಿ ನನ್ನ ನೆನಪನ್ನು ನಾನು ಅನುಮಾನಿಸುವುದಿಲ್ಲ. ಅತ್ತೆ ಯಾಕೆ ಏಳು ಎಂದರೋ ತಿಳಿಯದು. ಆರು ಎಂದಿದ್ದರೆ ಸಣ್ಣ ಪಾತ್ರೆಯಲ್ಲಿ ಎರಡು ಸಲ ಎಂದಾಗುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ. ಅಳತೆ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಗಾಬರಿಯಲ್ಲಿ ಎಂಟಕ್ಕೆ ಒಂದು ಕಡಿಮೆ ಮಾಡಿ ಹೇಳಿದರೇನೋ.

ಅತ್ತೆ ಇನ್ನು ದೇವರ ಒಲೆ ಮುಟ್ಟಬಾರದೆಂದಾಯಿತು. ಎಂಟು ದಿನದೊಳಗೆ ಅಪ್ಪ ಅವರನ್ನು ಅರಸೀಕೆರೆಯಲ್ಲಿ ಯಾರದೋ ಮನೆಯ ಅಡುಗೆಗೆ ಕಳುಹಿಸಿದರು. ಜ್ವರ ಬಿಟ್ಟರೂ ನಿಲ್ಲಲಾರದ ಪುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ಅತ್ತೆ ಬಸ್ಸಿಗೆ ಕಾಯುತ್ತಿದ್ದಾಗ ನಾನು ಅಮ್ಮನ ಸೆರಗಿನ ಹಿಂದೆ ಅವಿತಿದ್ದೆ. ಅವರು ಬಗ್ಗಿ ನನ್ನ ಗಲ್ಲ ಹಿಡಿದರು.

"ಲೆಕ್ಕ ಸರಿಯಾಗೇ ಹೇಳ್ದೆ ಕಣೇ," ಎಂದರು.

ಎರಡನೆಯ ಮಳೆಗಾಲಕ್ಕೆ ಅವರು ಅಲ್ಲೇ ತೀರಿಕೊಂಡರು. ಪುಟ್ಟಿಯನ್ನು ಅವಳ ದೊಡ್ಡಪ್ಪ ಕರೆದೊಯ್ದರಂತೆ. ಮತ್ತೆ ನಾನವಳನ್ನು ನೋಡಲಿಲ್ಲ.

ಮೈಸೂರಿನಲ್ಲಿ ಗಣಿತ ಓದುವಾಗ ಅಧ್ಯಾಪಕರೊಬ್ಬರು ಅತ್ತೆಯ ಏಳರ ಲೆಕ್ಕವನ್ನೇ ಬೋರ್ಡಿನ ಮೇಲೆ ಸಾಧಿಸಿದರು. ಒಂದರ ಹೊರತು ಬೇರೆ ಸಾಮಾನ್ಯ ಭಾಜಕವಿಲ್ಲದ ಎರಡು ಸಂಖ್ಯೆಗಳನ್ನು ಗುಣಿಸಿ, ಅದರಿಂದ ಆ ಎರಡನ್ನೂ ಕಳೆದರೆ, ಅವುಗಳಿಂದ ಕೂಡಿಸಲಾಗದ ಕೊನೆಯ ಸಂಖ್ಯೆ ಸಿಗುತ್ತದೆ. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಮುಟ್ಟಲಿಲ್ಲ.

ಅತ್ತೆ ಮೂರನೆಯ ತರಗತಿಗೇ ಶಾಲೆ ಬಿಟ್ಟವರು. ಅವರದೊಂದು ಫೋಟೋ ಇಲ್ಲ, ಕೈಬರಹವಿಲ್ಲ. ಮುಖವೂ ನನಗೆ ಸರಿಯಾಗಿ ನೆನಪಿಗೆ ಬರುವುದಿಲ್ಲ. ಆಗ ಅವರನ್ನು ಮುದುಕಿ ಎಂದುಕೊಂಡಿದ್ದೆ. ಈಗ ಕೂತು ಎಣಿಸಿದರೆ, ಬಸ್ಸು ಹತ್ತಿದ ದಿನ ಅವರಿಗೆ ಇಪ್ಪತ್ತೇಳು ದಾಟಿರಲಿಲ್ಲ.