ಮಾದಯ್ಯನವರ ಹಗೇವು

ಖಾಲಿಯಾದ ಡಬ್ಬಿಯನ್ನು ಮಾದಯ್ಯನವರು ಸುಮ್ಮನೆ ಎತ್ತಿಡುತ್ತಿರಲಿಲ್ಲ. ಬೋರಲು ಹಾಕಿ, ತಳಕ್ಕೆ ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಮೂಲೆಯಲ್ಲಿ ಒಂದು ವಾಷರ್ ಸಿಕ್ಕಿಕೊಂಡಿದ್ದರೂ ಉದುರಬೇಕು. ಏನೂ ಉದುರದಿದ್ದರೆ ಮಾತ್ರ ಅದು ಅವರ ಲೆಕ್ಕದಲ್ಲಿ ಖಾಲಿ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ ಕಾರುಗಳ ಬ್ರೇಕ್ ಸಿಲಿಂಡರ್ ತಯಾರಾಗುತ್ತಿತ್ತು. ಅವರು ಸ್ಟೋರ್ ಕೀಪರ್, ನಾನು ಜೋಡಣೆ ಲೈನಿನ ಸೂಪರ್‌ವೈಸರ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು 'ಸಾ' ಎಂದೇ ಕರೆಯುತ್ತಿದ್ದರು. ಮುಡುಕುತೊರೆಯ ಹತ್ತಿರದ ಊರಿನಿಂದ ಟಿ. ನರಸೀಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ನಂಜನಗೂಡಿಗೆ ಬರುತ್ತಿದ್ದರು. ತಡವಾಗಿ ಬಂದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ತೊಂಬತ್ತರ ದಶಕದಲ್ಲಿ ಅವರ ಸ್ಟೋರು ತಗಡಿನ ಚಾವಣಿ ಮುಟ್ಟುವಷ್ಟು ತುಂಬಿರುತ್ತಿತ್ತು. ಅದೇ ಅವರ ಮರ್ಯಾದೆ. "ಸ್ಟೋರು ಅಂದ್ರೆ ಹಗೇವು ಇದ್ದಂಗೆ ಸಾ. ಕೇಳ್ದಾಗ ಇಲ್ಲ ಅನ್ಬಾರ್ದು" ಎನ್ನುತ್ತಿದ್ದರು. ಅವರ ಮನೆಯ ಮುಂದೆ, ನೆಲದೊಳಗೆ, ಅಜ್ಜನ ಕಾಲದ ಹಗೇವು ಇತ್ತಂತೆ. ರಾಗಿ ಸುರಿದು ಬಾಯಿಗೆ ಹುಲ್ಲು ತುಂಬಿ ಮಣ್ಣು ಮೆತ್ತಿದರೆ ಎಷ್ಟೋ ವರ್ಷದ ಮೇಲೆ ತೆಗೆದರೂ ಹುಳು ಹಿಡಿಯದ ರಾಗಿ. ಅದನ್ನು ಹೇಳುವಾಗ ಅವರ ಎದೆ ತುಸು ಮುಂದೆ ಬರುತ್ತಿತ್ತು.

ಆ ದಶಕದ ಕೊನೆಯಲ್ಲಿ, ನಮ್ಮ ಸಿಲಿಂಡರ್ ಕೊಳ್ಳುವ ಕಾರು ಕಂಪನಿಯ ಒತ್ತಾಯಕ್ಕೆ ಹೊಸ ಪದ್ಧತಿ ಬಂತು. ಪ್ರತಿ ಡಬ್ಬಿಗೂ ಒಂದು ಕಾರ್ಡು. ಲೈನಿನಲ್ಲಿ ಡಬ್ಬಿ ಖಾಲಿಯಾದಾಗ ಕಾರ್ಡು ಸ್ಟೋರಿಗೆ ಹೋಗಬೇಕು, ಆಮೇಲೆಯೇ ಇನ್ನೊಂದು ಡಬ್ಬಿ ಬರಬೇಕು. ಸ್ಟೋರಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಮಾಲು ಇರಕೂಡದು. ಬೆಟ್ಟದಷ್ಟು ಮಾಲು ಲಾರಿಗಳಲ್ಲಿ ಹೊರಗೆ ಹೋಯಿತು. ಮಾದಯ್ಯನವರು ಬಾಗಿಲಿಗೆ ಒರಗಿ ನೋಡುತ್ತಾ ನಿಂತಿದ್ದರು.

ಲೈನಿನ ನಾಗರತ್ನಮ್ಮ ಸುಮ್ಮನಿರುವವರಲ್ಲ. "ಮಾದಣ್ಣ, ಇನ್ಮೇಲೆ ನಿಮ್ ಸ್ಟೋರಲ್ಲಿ ಮದ್ವೆ ಮಾಡ್ಬೋದು ಕಣಣ್ಣೋ, ಅಷ್ಟು ಜಾಗ!"

"ಮದ್ವೆಗ್ ಬಂದೋರ್ಗೆ ಊಟ ಇಲ್ಲ ಅಂದಾಗ ಗೊತ್ತಾಯ್ತದೆ, ಓಗವ್ವ."

ಹಾಗೆಂದವರೇ ತಿಂಗಳೊಳಗೆ ಆ ಪದ್ಧತಿಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತರು. ನಮಗೆ ಪಾಠ ಮಾಡಲು ಬಂದಿದ್ದ ತಜ್ಞರು ಅರ್ಧ ದಿನ ವಿವರಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು: "ತುಂಬಿದ್ ಡಬ್ಬಿ ಮಲಗ್ತದೆ ಸಾ. ಖಾಲಿ ಡಬ್ಬಿನೇ ಮಾತಾಡೋದು."

ಆದರೆ ಒಂದು ಕೆಲಸವನ್ನು ಯಾರಿಗೂ ಹೇಳದೆ ಮಾಡಿದ್ದರು. ಹಿಂದಿನ ಗೋಡೆಯ ಕಪಾಟಿನ ಕೆಳಗೆ, ಗೋಣಿಚೀಲದ ಮರೆಯಲ್ಲಿ, ಮೂರು ಡಬ್ಬಿ ರಬ್ಬರ್ ಸೀಲನ್ನು ಉಳಿಸಿಕೊಂಡಿದ್ದರು. ಸಿಲಿಂಡರಿನೊಳಗೆ ಬ್ರೇಕ್ ಎಣ್ಣೆ ಸೋರದಂತೆ ತಡೆಯುವುದು ಆ ಸೀಲು.

ಅದು ಹೊರಬಿದ್ದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೆಳಿಗ್ಗೆ. ಸೀಲು ತರಬೇಕಿದ್ದ ವ್ಯಾನು ಮದ್ದೂರಿನ ಬಳಿ ಕೆಟ್ಟು ನಿಂತಿತು. ಲೈನು ನಿಂತಿತು. ಇಪ್ಪತ್ತೆರಡು ಜನ ಕೈಕಟ್ಟಿ ಕೂತರು. ಆಗ ಮಾದಯ್ಯನವರು ಮೂರು ಡಬ್ಬಿಯನ್ನು ಹೆಗಲ ಮೇಲೆ ಹೊತ್ತು ಬಂದರು. "ಇಲ್ಲ ಅನ್ಬಾರ್ದು ಅಂದಿದ್ನಲ್ಲ ಸಾ" ಎಂದರು. ನಾಗರತ್ನಮ್ಮ ಚಪ್ಪಾಳೆ ತಟ್ಟಿದರು. ಡಬ್ಬಿಯ ಮೇಲೆ ತಾರೀಖಿನ ಚೀಟಿ ಇರಲಿಲ್ಲ. ಅದನ್ನು ಕೇಳಬೇಕಾದವನು ನಾನು. ಕೇಳದೆ ಸಹಿ ಹಾಕಿದೆ.

ಮಧ್ಯಾಹ್ನ ಮೂರಕ್ಕೆ ಸಿಲಿಂಡರ್ ತುಂಬಿದ ಲಾರಿ ಹೊರಟಿತು. ಮೂರೂವರೆಗೆ ಅವರು ನನ್ನ ಮೇಜಿನ ಬಳಿ ಬಂದು ನಿಂತರು. ಒಂದು ಕೈಯಲ್ಲಿ ಖಾಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಒಂದು ಸೀಲು, ಒಂದು ಚೀಟಿ. ಬೋರಲು ಹಾಕಿ ತಟ್ಟಿದಾಗ ತಳದಿಂದ ಬಿದ್ದವು. ಚೀಟಿಯಲ್ಲಿ ಅವರದೇ ಅಕ್ಷರ. ಮಾಲು ಬಂದು ನಾಲ್ಕು ವರ್ಷವಾಗಿತ್ತು. ಆ ಸೀಲಿನ ಆಯುಸ್ಸು ಎರಡೇ ವರ್ಷ. ಅವರು ಅದನ್ನು ಹೆಬ್ಬೆರಳಿನಿಂದ ಬಗ್ಗಿಸಿದರು. ಕೂದಲೆಳೆಯಷ್ಟು ಗೆರೆ ಬಾಯಿಬಿಟ್ಟಿತು.

"ರಬ್ಬರ್ರು ರಾಗಿ ಅಲ್ಲ ಸಾ. ನಾನು ರಾಗಿ ಅನ್ಕೊಂಬುಟ್ಟಿದ್ದೆ. ಲಾರಿ ನಿಲ್ಸಿ."

ನಾನು ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. "ಟೆಸ್ಟಿನಲ್ಲಿ ಒಂದೂ ಸೋರಿಲ್ಲ ಮಾದಯ್ಯನವರೇ. ಈಗ ಬಾಯಿಬಿಟ್ಟರೆ ನಿಮ್ಮ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ. ಗೊತ್ತಿರುವುದು ನಮ್ಮಿಬ್ಬರಿಗೇ."

ಅವರು ಸಿಟ್ಟಾಗಲಿಲ್ಲ. "ಇವತ್ತು ಇಬ್ರಿಗೇ ಸಾ. ಆಮೇಕೆ ಮೂರ್ನೇಯೋನ್ಗೂ ಗೊತ್ತಾಯ್ತದೆ. ಬ್ರೇಕ್ ತುಳಿಯೋನ್ಗೆ."

ನನ್ನ ಉತ್ತರಕ್ಕೆ ಕಾಯದೆ ಮ್ಯಾನೇಜರ್ ಕೋಣೆಗೆ ನಡೆದರು. ಹಿಂದೆಯೇ ನಾನೂ ಹೋದೆ. ಧೈರ್ಯದಿಂದಲ್ಲ, ನಾಚಿಕೆಯಿಂದ. ಮೈಸೂರಿನ ಟ್ರಾನ್ಸ್‌ಪೋರ್ಟ್ ಕಚೇರಿಗೆ ಫೋನು ಹೋಯಿತು. ಲಾರಿ ಅಲ್ಲೇ ಸಿಕ್ಕಿತು, ಕತ್ತಲಾಗುವ ಮೊದಲು ವಾಪಸು ಬಂತು. ಮರುದಿನವೆಲ್ಲ ಸಿಲಿಂಡರುಗಳನ್ನು ಬಿಚ್ಚಿ ಸೀಲುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದೆವು. ಒಡೆದವು ಹದಿನೇಳು. ಅವನ್ನು ಅಂಗೈಯಲ್ಲಿಟ್ಟುಕೊಂಡು ಇನ್ನೊಮ್ಮೆ ಎಣಿಸಿದೆ.

ಮಾದಯ್ಯನವರನ್ನು ಹದಿನೈದು ದಿನ ಅಮಾನತು ಮಾಡಿದರು. ನನಗೆ ಎಚ್ಚರಿಕೆ ಪತ್ರ ಬಂತು. ಕೊಳ್ಳುವ ಕಂಪನಿಗೆ ನಮ್ಮ ಮ್ಯಾನೇಜರೇ ವಿಷಯ ತಿಳಿಸಿದ್ದರು. ಆ ಕಂಪನಿಯ ಕಡೆಯಿಂದ ಇಬ್ಬರು ತನಿಖೆಗೆ ಬಂದಾಗ ಮಾದಯ್ಯನವರು ಕೆಲಸಕ್ಕೆ ಮರಳಿದ್ದರು. ಆ ಕಪಾಟನ್ನು ತೆಗೆಸಿ, ಅದಿದ್ದ ಜಾಗಕ್ಕೆ ತಾವೇ ಹಳದಿ ಬಣ್ಣದಲ್ಲಿ ಒಂದು ಚೌಕ ಬರೆದಿದ್ದರು. ಇಲ್ಲಿ ಏನಿಡುತ್ತೀರಿ ಎಂದು ಬಂದವರು ಕೇಳಿದರು.

"ಏನೂ ಇಲ್ಲ ಸಾ. ಇಲ್ಲಿ ನನ್ ಹಗೇವಿತ್ತು. ಈಗ ಖಾಲಿ ಇಡೋದೇ ಕೆಲ್ಸ."

ಆ ಇಬ್ಬರಲ್ಲಿ ಹಿರಿಯರು ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿ ಅವರ ಕೈ ಕುಲುಕಿದರು. ನಮ್ಮ ಆರ್ಡರ್ ಉಳಿಯಿತು. ನಾಗರತ್ನಮ್ಮ ಅಂದು ಚಪ್ಪಾಳೆ ತಟ್ಟಲಿಲ್ಲ, ಊಟದ ಹೊತ್ತಿನಲ್ಲಿ ತಮ್ಮ ಡಬ್ಬಿಯ ಹುರುಳಿ ಸಾರನ್ನು ಮೊದಲು ಮಾದಣ್ಣನ ಮುದ್ದೆಗೆ ಬಡಿಸಿದರು.

ಮಾದಯ್ಯನವರು ನಿವೃತ್ತರಾಗಿ ನಾಲ್ಕೈದು ವರ್ಷದ ಮೇಲೆ ಅವರಿಗೆ ಹುಷಾರಿಲ್ಲವೆಂದು ಕೇಳಿ ಊರಿಗೆ ಹೋಗಿದ್ದೆ. ತೀರ ಇಳಿದುಹೋಗಿದ್ದರು. ಮಂಚದ ಮೇಲಿಂದಲೇ ಕೇಳಿದರು, "ಆ ಜಾಗ ಎಂಗದೆ ಸಾ?"

"ಖಾಲಿ ಇದೆ ಮಾದಯ್ಯನವರೇ."

"ಅಂಗೇ ಇರ್ಲಿ. ಯಾರಾರ ತುಂಬುಕ್ ಬಂದ್ರೆ ನನ್ ಎಸ್ರು ಹೇಳಿ."

ಕುಡಿದು ಮುಗಿಸಿದ ಕಾಫಿ ಲೋಟವನ್ನು ಬೋರಲು ಹಾಕಿ, ಗಿಣ್ಣಿನಿಂದ ಎರಡು ಸಲ ತಟ್ಟಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಆಮೇಲೆ ಚೌಕದ ಬಣ್ಣ ಎರಡು ಸಲ ಮಾಸಿತು. ಎರಡು ಸಲವೂ ನಾನೇ ಬಳಿದೆ. ಹೊಸ ಮ್ಯಾನೇಜರ್ ಬಂದಾಗ, ಇಷ್ಟು ಒಳ್ಳೆಯ ಜಾಗ ಸುಮ್ಮನೆ ಬಿದ್ದಿದೆಯಲ್ಲ, ನಾಲ್ಕು ಡಬ್ಬಿ ಇಡಿಸಿ ಎಂದರು.

ಅವರನ್ನು ಅಲ್ಲೇ ನಿಲ್ಲಿಸಿಕೊಂಡು ಮಾದಯ್ಯನವರ ಹೆಸರು ಹೇಳಿದೆ.