ಗಂಗಮ್ಮನ ನೀರಿಗೆ ಚರಂಡಿ ಅಂದರು

ಹಿತುಕಿದ ಬೇಳೆಗೆಂದು ಹಿಂದಿನ ದಿನವೇ ಅವರೆಕಾಳು ನೆನೆಹಾಕಿದ್ದೆ. ಬೆಳಿಗ್ಗೆ ಅಡುಗೆಮನೆ ನೆಲದ ಮೇಲೆ ಕೂತು ಒಂದೊಂದೇ ಕಾಳು ಒತ್ತಿ ಸಿಪ್ಪೆ ಬಿಡಿಸುತ್ತಿದ್ದೆ. ಅರ್ಧ ಆಗಿತ್ತೇನೋ, ಮಹಡಿ ಮೇಲಿನ ಬಾಡಿಗೆ ಹುಡುಗಿ ದಡದಡ ಮೆಟ್ಟಿಲಿಳಿದು ಬಂದಳು. ಗದಗದ ಕಡೆಯವಳು, ನೀರಿನ ಹುಳಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ.

"ಆಂಟೀ, ಪೇಪರ್ ಒಪ್ಪಿದ್ರಂತ್ರೀ. ನಮ್ಮ ಹುಳ ಹೊಸಾದೇ ಅಂತ ಆತು."

ನಮ್ಮ ಹುಳ ಅಂದದ್ದು ಬಾಯಿಮಾತಿಗಲ್ಲ. ಹೊಸೂರು ರಸ್ತೆಯಿಂದ ಒಳಗೆ, ನಮ್ಮ ಲೇಔಟಿನ ಹಿಂದೆ, ಗಂಗಮ್ಮನ ಪುಟ್ಟ ಗುಡಿಯಿದೆ. ಅದರ ಪಕ್ಕ ಎರಡು ಬಂಡೆಗಳ ನಡುವಿನಿಂದ ನೀರು ಜಿನುಗಿ, ಗಾರ್ಮೆಂಟ್ಸ್ ಕಾಂಪೌಂಡಿನ ಉದ್ದಕ್ಕೂ ಹರಿಯುತ್ತದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಶುಕ್ರವಾರ ಪೂಜೆಗೆ ಅಲ್ಲಿಂದಲೇ ಒಂದು ಬಿಂದಿಗೆ ನೀರು ತರುತ್ತೇನೆ. ಹಳೇ ಸೀರೆಯ ಬಟ್ಟೆ ಮಡಚಿ ಸೋಸಿಕೊಂಡು, ಆಮೇಲೆ ಆ ಬಟ್ಟೆಯನ್ನು ತಿರುವಿ ಅದೇ ನೀರಿನಲ್ಲಿ ಜಾಲಿಸಬೇಕು. ನಮ್ಮ ಮಡಿಗೋಸ್ಕರ ನೀರಿನ ಜೀವ ಸಾಯಬಾರದು ಅಂತ ನಮ್ಮತ್ತೆ ಕಲಿಸಿದ್ದು.

ಹಾಗೆ ಬಟ್ಟೆ ತಿರುವುವಾಗಲೇ ಒಂದು ದಿನ ಅದನ್ನು ಕಂಡೆ. ಅಕ್ಕಿಕಾಳಿನಷ್ಟು ಉದ್ದದ ಮರಳಿನ ಕೊಳವೆ. ಎಸೆಯಬೇಕು ಅನ್ನುವಷ್ಟರಲ್ಲಿ ಒಳಗಿಂದ ತಲೆ ಹೊರಗೆ ಹಾಕಿ ನಡೆಯತೊಡಗಿತು. ಆಗಷ್ಟೇ ಬಾಡಿಗೆಗೆ ಬಂದಿದ್ದ ಈ ಹುಡುಗಿಯನ್ನು ಕರಕೊಂಡು ಹೋಗಿ ತೋರಿಸಿದೆ. ಕುಕ್ಕರುಗಾಲಲ್ಲಿ ಕೂತವಳು ಊಟದ ಹೊತ್ತಾದರೂ ಏಳಲಿಲ್ಲ. ಕ್ಯಾಡಿಸ್ ಅನ್ನುತ್ತಾರಂತೆ. ಬಾಯಿಂದ ರೇಷ್ಮೆ ಬಿಟ್ಟು ಮರಳಿನ ಕಾಳು ಅಂಟಿಸಿ ಮನೆ ಕಟ್ಟಿಕೊಳ್ಳುತ್ತದೆ, ಬೆಳೆದ ಮೇಲೆ ರೆಕ್ಕೆ ಬಂದು, ಬೂದುಬಣ್ಣದ ಸಣ್ಣ ಪತಂಗದ ಹಾಗೆ ಹಾರಿಹೋಗುತ್ತದೆ.

ಹೊಸ ಜಾತಿ ಅನ್ನಬೇಕಾದರೆ ಬೆಳೆದ ಗಂಡು ಹುಳ ಬೇಕು, ಅದರ ಹಿಂಭಾಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಮಿಕ್ಕ ಜಾತಿಗಳ ಜೊತೆ ತಾಳೆ ನೋಡಬೇಕು ಅಂದಳು. ಗಂಡಸರ ಮುಖ ನೋಡಿದರೆ ಸಾಲದಂತಾ ಅಂತ ಕೇಳಿ ಇಬ್ಬರೂ ನಕ್ಕಿದ್ದೆವು. ಈ ಮರಿಯೇ ಬೆಳೆದು ಆ ಪತಂಗ ಆಗುತ್ತದೆ ಅಂತಲೂ ತೋರಿಸಬೇಕಿತ್ತು. ಲ್ಯಾಬಿನಲ್ಲಿ ಎರಡು ಸಲ ಮರಿಗಳು ಸತ್ತವು. ಮೂರನೇ ಸಲ ನಾನೇ ನಮ್ಮನೆ ಮಣ್ಣಿನ ಮಡಕೆಯಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಸಂಜೆ ಗಂಗಮ್ಮನ ನೀರು ಬದಲಾಯಿಸಿ, ಮೇಲೆ ತೆಳು ಬಟ್ಟೆ ಕಟ್ಟುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಬಟ್ಟೆಯ ಕೆಳಗೆ ಎರಡು ಪತಂಗ, ಮೈಗಿಂತ ಉದ್ದದ ಮೀಸೆ. ಅದರಲ್ಲಿ ಒಂದು ಗಂಡು, ಅಷ್ಟು ಮಟ್ಟಿಗೆ ತಾಯಿ ಗಂಗಮ್ಮ ಕೈಬಿಡಲಿಲ್ಲ. ಹುಡುಗಿ ಅದನ್ನು ಸ್ಪಿರಿಟ್ಟಿಗೆ ಹಾಕುವಾಗ ಮಾತ್ರ ನಾನು ದೇವರ ಮನೆಗೆ ಹೋಗಿ ತಪ್ಪಾಯ್ತು ಅಂತ ಕೈಮುಗಿದೆ.

ಹೀಗಿರುವಾಗ ಸುದ್ದಿ ಕೇಳಿ ಖುಷಿಯಾಗದೆ ಇರುತ್ತದಾ? ಅವಳ ಬಾಯಿಗೆ ಬೆಲ್ಲದ ಚೂರು ಹಾಕಿ, ಬರೆದಿರೋದನ್ನ ಕನ್ನಡದಲ್ಲಿ ಹೇಳು, ಕೇಳೋಣ ಅಂದೆ. ಫೋನ್ ನೋಡಿಕೊಂಡು ಹೇಳುತ್ತಾ ಹೋದಳು. ರೆಕ್ಕೆ, ಮೀಸೆ, ಕಾಲಿನ ಮುಳ್ಳು. ಸಿಕ್ಕಿದ ಜಾಗಕ್ಕೆ ಬಂದಾಗ ದನಿ ಸಣ್ಣದಾಯಿತು. ಮಳೆನೀರಿನ ಚರಂಡಿ ಅಂತ ಇತ್ತು.

ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು.

ಮೂರು ವಾರದ ಹಿಂದೆ ಗುಡಿಯ ಪಕ್ಕ ಪಾಲಿಕೆಯವರು ಲಾರಿಯಲ್ಲಿ ಕಾಂಕ್ರೀಟ್ ಚಪ್ಪಡಿ ತಂದು ಇಳಿಸಿದ್ದರು. ನೀರು ಹುಟ್ಟುವ ಬಂಡೆಯವರೆಗೂ ಮುಚ್ಚುತ್ತಾರಂತೆ. ಬೀದಿಯ ಹೆಂಗಸರ ಸಹಿ ಹಾಕಿಸಿ ಅರ್ಜಿ ಹಿಡಿದು ಪಾಲಿಕೆ ಆಫೀಸಿಗೆ ಹೋದೆ. ಅಲ್ಲಿದ್ದಾತ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ, ಮ್ಯಾಪ್‌ನಲ್ಲಿ ಇದು ಚರಂಡಿ ಅಮ್ಮ, ಮುಚ್ಚಿದರೆ ಸೊಳ್ಳೆ ಕಮ್ಮಿಯಾಗಿ ನಿಮಗೇ ಒಳ್ಳೇದು ಅಂದ. ಅರ್ಜಿಯನ್ನು ಕೈಯಲ್ಲಿ ಮುಟ್ಟಲೂ ಇಲ್ಲ. ಚಪ್ಪಡಿ ಬಿದ್ದರೆ ಈ ಹುಳಕ್ಕೆ ಹಾರುವುದಕ್ಕೆ ದಾರಿಯೇ ಇರುವುದಿಲ್ಲ ಅಂತ ಹೇಳಿದವಳು ಇದೇ ಹುಡುಗಿ. ಈಗ ಅವಳ ಪೇಪರೇ ಅವನ ಪರ ಸಾಕ್ಷಿ ಹೇಳುತ್ತಿದೆ.

"ನಿನ್ನ ಕಾಲು ಆ ನೀರಲ್ಲಿ ಎಷ್ಟು ಸಲ ನೆನೆದಿದೆ? ಹೆಂಗೆ ಬರೆದೆ ನೀನು ಅದನ್ನ?"

"ನಾ ಏನ್ ಮಾಡ್ಲಿರೀ ಆಂಟಿ, ಸರ್ಕಾರದ ಮ್ಯಾಪ್‌ನ್ಯಾಗ ಹಂಗ ಐತ್ರಿ. ಜಾಗದ ಹೆಸರು ಮ್ಯಾಪ್ ನೋಡೇ ಬರೀಬೇಕು ಅಂತಾರ ನಮ್ ಗೈಡ್."

ಆ ಗೈಡಿಗೆ ಫೋನ್ ಮಾಡು ಅಂದೆ. ಹೆದರಿದಳು. ಇನ್ನೊಮ್ಮೆ ಹೇಳಿದ ಮೇಲೆ ಮಾಡಿ ಸ್ಪೀಕರ್ ಹಾಕಿದಳು. ಅದು ಚರಂಡಿಯಲ್ಲ, ಬಂಡೆಯಿಂದ ಬರೋ ಬುಗ್ಗೆ ನೀರು, ಆ ಜಾಗ ನೋಡಿದ್ದೀರಾ ಸಾರ್ ಅಂತ ಕೇಳಿದೆ. ನೋಡಿಲ್ಲವಂತೆ, ಮ್ಯಾಪ್ ನೋಡಿದ್ದಾರಂತೆ. ಪೇಪರ್ ಒಪ್ಪಿಗೆಯಾಗಿದೆ ಮೇಡಂ, ಇನ್ನು ಅಚ್ಚಿಗೆ ಮುಂಚೆ ಪ್ರೂಫಿನಲ್ಲಿ ಸಣ್ಣಪುಟ್ಟ ತಿದ್ದಬಹುದು ಅಷ್ಟೇ ಅಂದರು. ನನಗೆ ಮೈಯೆಲ್ಲ ಉರಿಯಿತು.

"ಸತ್ಯನಾರಾಯಣ ಪೂಜೇಲಿ ಸಂಕಲ್ಪ ಮಾಡಿಸುವಾಗ, ಯಾವ ಖಂಡ, ಯಾವ ನದಿಯ ಯಾವ ದಡ ಅಂತ ಮೊದಲು ಹೇಳಿಸ್ತಾರೆ ಸಾರ್. ಎಲ್ಲ ಗೊತ್ತಿರೋ ದೇವರಿಗೇ ಅಷ್ಟು ಸರಿಯಾಗಿ ಜಾಗ ಹೇಳ್ತೀವಿ. ನೀವು ಏನೂ ಗೊತ್ತಿಲ್ಲದೋರಿಗೆ ಹೇಳ್ತಿದ್ದೀರಿ. ಹುಳಕ್ಕೆ ಹೆಸರು ಏನಾದ್ರೂ ಇಟ್ಕೊಳ್ಳಿ, ಹುಟ್ಟಿದ ಜಾಗ ಸರಿಯಾಗಿ ಬರೀರಿ."

ಅದು ಬುಗ್ಗೆ ನೀರೇ ಅನ್ನೋದಕ್ಕೆ ಏನು ಆಧಾರ ಅಂತ ಅವರು ಕೇಳಿದರು. ಮೇ ತಿಂಗಳಲ್ಲೂ ಬಿಂದಿಗೆ ತುಂಬುತ್ತೆ ಸಾರ್, ಆಗ ಮಳೆನೀರಿನ ಚರಂಡಿಗೆ ನೀರು ಎಲ್ಲಿಂದ ಬರುತ್ತೆ ಅಂದೆ. ಆಗ ಹುಡುಗಿಗೆ ಏನೋ ಹೊಳೆಯಿತು. ಓಡಿಹೋಗಿ ತನ್ನ ನೋಟ್‌ಬುಕ್ ತಂದಳು. ಅದರಲ್ಲಿ ತಿಂಗಳು ತಿಂಗಳೂ ನೀರಿನ ಬಿಸಿ ಬರೆದಿಟ್ಟಿದ್ದಳು. ಚಳಿಗಾಲವಿರಲಿ ಬೇಸಿಗೆಯಿರಲಿ, ಹೆಚ್ಚುಕಮ್ಮಿ ಒಂದೇ. ನೆಲದೊಳಗಿಂದ ಬರುವ ನೀರು ಹಾಗಿರುತ್ತದಂತೆ. ಕೈಯಾರೆ ಬರೆದ ನಿಜವನ್ನು ಪಕ್ಕಕ್ಕಿಟ್ಟು ಮ್ಯಾಪಿನ ಸುಳ್ಳನ್ನು ನಕಲು ಮಾಡಿದ್ದಳು ನಮ್ಮ ಜಾಣೆ.

ಗೈಡ್ ಅದನ್ನೆಲ್ಲ ಓದಿಸಿಕೊಂಡು ಕೇಳಿದರು. ಕೊನೆಗೆ, ಬುಗ್ಗೆಯಿಂದ ಹರಿಯುವ ತೊರೆ, ಗಂಗಮ್ಮನ ಗುಡಿಯ ಪಕ್ಕ, ಸರ್ಕಾರದ ನಕ್ಷೆಯಲ್ಲಿ ಚರಂಡಿ ಎಂದು ಗುರುತಿಸಲಾಗಿದೆ ಅಂತ ತಿದ್ದು, ಪತ್ರಿಕೆಯವರ ಹತ್ತಿರ ನಾನು ಮಾತಾಡುತ್ತೇನೆ ಅಂದರು. ಆ ಪದ ಇನ್ನೂ ಒಂದು ಮೂಲೆಯಲ್ಲಿ ಉಳಿಯಿತಲ್ಲ ಅಂತ ನನಗೆ ಸಂಕಟ. ಮುಂದಿನ ವಾರ ಬಂದು ಜಾಗ ನೋಡುತ್ತೇನೆ ಅಂದರಲ್ಲ, ಅದನ್ನೂ ಕೃಪೆ ಅಂತಲೇ ಎಣಿಸಿಕೊಂಡೆ.

ಹುಡುಗಿ ಅಲ್ಲೇ ನೆಲದ ಮೇಲೆ ಕೂತು ತಿದ್ದಿದಳು. ಪೂಜೆಗೆ ನೀರು ಒಯ್ಯುತ್ತಾರೆ ಅಂತಲೂ ಸೇರಿಸು ಅಂದೆ, ಸೇರಿಸಿದಳು. ಅಚ್ಚಾದ ಮೇಲೆ ಆ ಸಾಲಿಗೆ ಕೆಂಪು ಗೆರೆ ಎಳೆದು ನನಗೊಂದು ಪ್ರತಿ ಕೊಡು, ಈ ಸಲ ಅರ್ಜಿಯ ಜೊತೆ ಅದನ್ನೂ ಇಡುತ್ತೇನೆ, ಆ ಆಫೀಸಿನವನು ಮುಟ್ಟದೆ ಹೆಂಗೆ ಇರುತ್ತಾನೋ ನೋಡೋಣ ಅಂದೆ.

"ಆಂಟಿ, ನಾನೂ ಬರ್ತೀನ್ರಿ ನಿಮ್ ಜೋಡಿ," ಅಂದಳು.

ಬಾ ಅಂದೆ. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅರ್ಧ ಕಾಳು ಹಾಗೇ ಇತ್ತು, ಮಧ್ಯಾಹ್ನದ ಸಾರಿಗೆ ಹೊತ್ತಾಗುತ್ತಿತ್ತು. ಪಾತ್ರೆಯನ್ನು ಇಬ್ಬರ ನಡುವೆ ಎಳೆದುಕೊಂಡು ಹಿತುಕುವುದನ್ನು ಮುಂದುವರಿಸಿದೆ.