ಕಟ್ಟೆ ಗೆದ್ದ ಪೈಪು

ನರ್ಸಮ್ಮನ ಬಲಗೈ ಹೆಬ್ಬೆರಳಿನ ತುದಿ ಕಾಡಿಗೆ ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗೆ ಕಪ್ಪಗಿತ್ತು. ಉಳಿದವೆಲ್ಲ ಸೋಪು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗಾದ, ಉಗುರನ್ನು ಒಂದಿಷ್ಟೂ ಬೆಳೆಯಗೊಡದ ಆಸ್ಪತ್ರೆಯ ಬೆರಳುಗಳು. ಆ ಹೆಬ್ಬೆರಳು ಮಾತ್ರ ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದಂತೆ ಕಾಣುತ್ತಿತ್ತು. ಪೈಪಿನೊಳಗಿನ ಬಿಸಿ ಬೂದಿಯನ್ನು ಅವರು ಅದರಿಂದಲೇ ಒತ್ತುತ್ತಿದ್ದರು. "ಸುಡಂಗಿಲ್ಲೇನ್ರಿ?" ಎಂದು ಕೇಳಿದರೆ, "ನೌಕರಿ ಪೂರ್ತಿ ಕುದಿಯೋ ನೀರಾಗಿಂದ ಸಾಮಾನು ತಗದೀನವ್ವ, ಈ ಕೆಂಡ ಯಾವ ಲೆಕ್ಕ," ಎನ್ನುತ್ತಿದ್ದರು.

ಅವರು ಕೊಟ್ಟೂರಿನ ನಮ್ಮ ಓಣಿಗೆ ಬಂದದ್ದು ನಿವೃತ್ತಿಯಾದ ಮೇಲೆ. ತವರು ಇದೇ ಊರು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಲೇ ವಯಸ್ಸು ಕಳೆದಿದ್ದರು. ನನ್ನ ಅವ್ವ ಮತ್ತು ದೊಡ್ಡವ್ವ ತಂಬ್ರಹಳ್ಳಿಯ ಅಕ್ಕತಂಗಿಯರು. ಇಲ್ಲಿಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದವರು. ಹೆರಿಗೆಗೆಂದು ತವರಿಗೆ ಹೋದಾಗಲೆಲ್ಲ ಅವರನ್ನು ನೋಡಿಕೊಂಡದ್ದು ಇದೇ ನರ್ಸಮ್ಮ. ದೊಡ್ಡವ್ವನ ಮಕ್ಕಳನ್ನೂ ನನ್ನನ್ನೂ ಈ ಲೋಕದಲ್ಲಿ ಮೊದಲು ಎತ್ತಿಕೊಂಡ ಕೈ ಅವರದು. "ಎಲ್ಲಾರೂ ಒದರಾಡ್ತಿದ್ರು. ಆಕಿ ಒಬ್ಬಾಕಿ ಮಾತ್ರ, ಅವಸರ ಇಲ್ಲ, ತಾನಾ ಬರ್ತೈತಿ ಅಂತ ಕುಂತಿದ್ಲು," ಎಂದು ಅವ್ವ ಈಗಲೂ ಹೇಳುತ್ತಾಳೆ. ಹೀಗಾಗಿ ನಮ್ಮ ಮನೆಯಲ್ಲಿ ನರ್ಸಮ್ಮನಿಗೆ ಎದುರಾಡುವವರಿರಲಿಲ್ಲ, ದೊಡ್ಡಪ್ಪನೊಬ್ಬನನ್ನು ಬಿಟ್ಟು.

ಪೈಪಿನ ಆಸೆ ಅವರಿಗೆ ಹುಟ್ಟಿದ್ದು ನೌಕರಿಯ ಮೊದಲ ದಿನಗಳಲ್ಲಿ, ಈಡೇರಿದ್ದು ಅರವತ್ತು ದಾಟಿದ ಮೇಲೆ. ಆಗ ಒಬ್ಬ ಹಿರಿಯ ಡಾಕ್ಟರು ಇದ್ದರಂತೆ. ಊಟವಾದ ಮೇಲೆ ಈಜಿ ಚೇರಿನಲ್ಲಿ ಒರಗಿ ಪೈಪು ಹಚ್ಚುವುದು ಅವರ ಪದ್ಧತಿ. ಅಷ್ಟರಲ್ಲಿ ಹೆರಿಗೆ ಕೇಸು ಬಂದರೆ, "ಸಿಸ್ಟರ್, ನೀವು ನಡೀರಿ, ನಾನು ಇದು ಮುಗಿಸಿ ಬರ್ತೀನಿ," ಎನ್ನುತ್ತಿದ್ದರು. ಅವರು ಪೈಪು ಕೊಡವಿ ಎದ್ದು ಬರುವ ಹೊತ್ತಿಗೆ ಕೂಸು ಹುಟ್ಟಿ, ಅತ್ತು, ತಾಯಿಯ ಮಗ್ಗುಲಲ್ಲಿ ಮಲಗಿಯೂ ಆಗಿರುತ್ತಿತ್ತು.

ಇದನ್ನು ಹೇಳುವಾಗ ನರ್ಸಮ್ಮನಿಗೆ ಸಿಟ್ಟು ಇರುತ್ತಿರಲಿಲ್ಲ, ಹೊಟ್ಟೆಕಿಚ್ಚು ಇರುತ್ತಿತ್ತು. "ನಾನು ಒಂದಿನಾನರ ಬಿಸಿ ಅನ್ನ ಪೂರ್ತಿ ಉಂಡೀನೇನು? ಕರದ್ರ ಓಡೂದು, ಕರದ್ರ ಓಡೂದು. ಅವತ್ತೇ ಅನ್ಕೊಂಡಿದ್ದೆ. ನಾನೂ ಒಂದಿನ ಯಾರಿಗಾದ್ರೂ 'ಇದು ಮುಗಿಸಿ ಬರ್ತೀನಿ' ಅನ್ಬೇಕು."

ಆದರೆ ಕೊಟ್ಟೂರಿನಲ್ಲಿ ಪೈಪು ಎಲ್ಲಿ ಸಿಗಬೇಕು? ಮೊಬೈಲಿನಲ್ಲಿ ಒಂದು ಚಿತ್ರ ಹುಡುಕಿಕೊಂಡು, ಲಟ್ಟಣಿಗೆ, ಬುಗುರಿ, ಮಂಚದ ಕಾಲು ಕಡೆದು ಕೊಡುವ ಚಾಚಾನ ಅಂಗಡಿಗೆ ಹೋದರು. ಚಾಚಾ ಚಿತ್ರವನ್ನು ಹಿಗ್ಗಿಸಿ ನೋಡಿ, "ಯಾರಿಗ್ರಿ ಅಮ್ಮಾ ಇದು?" ಎಂದ. "ನನಗ," ಎಂದರು. ಚಾಚಾ ಕೂಡಲೇ ಬೆರಳಿನಿಂದ ಚಿತ್ರದ ಅಳತೆ ತೆಗೆದುಕೊಂಡನಂತೆ. ಹಡಗಲಿ ಕಡೆಯ ಆತನ ಸೊಸೆಯ ಹೆರಿಗೆಯೂ ನರ್ಸಮ್ಮನ ಕೈಯಲ್ಲೇ ಆಗಿತ್ತೆಂಬುದನ್ನು ಬೇರೆ ಹೇಳಬೇಕಿಲ್ಲ.

ಮೊದಲ ಪೈಪು ಬಲು ಚೆಂದ ಬಂತು. ಆದರೆ ಚಾಚಾ ಕೈಗೆ ಸಿಕ್ಕ ಬೇವಿನ ತುಂಡಿನಲ್ಲಿ ಕಡೆದುಬಿಟ್ಟಿದ್ದ. ನರ್ಸಮ್ಮ ಎರಡು ಸಲ ಎಳೆದು ಬಚ್ಚಲಿಗೆ ಓಡಿದರು. ಮರುದಿನ ಚಾಚಾನ ಮುಂದೆ ಅದನ್ನಿಟ್ಟು, "ಯುಗಾದಿ ಇನ್ನೂ ದೂರ ಐತಪ್ಪ," ಎಂದರು. ಎರಡನೆಯದನ್ನು ಆತ ಹಳೆಯ ಜಾಲಿ ಬೇರಿನಲ್ಲಿ ಮಾಡಿದ. ಬಂಡಿಯ ಗಾಲಿಗೆ ಹಾಕುವ ಗಟ್ಟಿ ಮರ. ಅದು ಕೊನೆಯವರೆಗೂ ಬಾಳಿತು.

ಇನ್ನು ತಂಬಾಕು. ಸಂತೆಯಲ್ಲಿ ಎಲೆ ಸಿಗುತ್ತಿತ್ತು. ಆದರೆ ಅದರ ಘಾಟಿಗೆ ಮೂಗು ಹರಿದುಹೋಗುವಂತಿತ್ತು. ನರ್ಸಮ್ಮ ಎಲೆಯ ನರ ಬಿಡಿಸಿ, ಬೆಲ್ಲದ ನೀರು ಚಿಮುಕಿಸಿ, ನಾಲ್ಕು ಲವಂಗ ಜಜ್ಜಿ ಹಾಕಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಬೀಸುವ ಕಲ್ಲಿನ ಕೆಳಗೆ ಇಡುತ್ತಿದ್ದರು. ವಾರ ಕಳೆದು ಬಿಚ್ಚಿದರೆ ಹೋಳಿಗೆಯ ಹೂರಣ ಸ್ವಲ್ಪ ಸೀದಂಥ ವಾಸನೆ. ಅದೇ ಎಲೆಯನ್ನು ಸುತ್ತಿ ಒಂದೆರಡು ಚುಟ್ಟಾ ಕೂಡ ಮಾಡಿದ್ದರು. "ಇದು ಗಡಸು ಆತು, ಹಬ್ಬಕ್ಕ ಇರ್ಲಿ," ಎಂದು ಅವನ್ನು ತೆಗೆದಿಟ್ಟರು.

ನರ್ಸ್ ಆಗಿದ್ದವರು ಹೊಗೆ ಸೇದುವುದೇ ಎಂದು ಕೇಳುವವರಿಗೇನೂ ಕಡಿಮೆಯಿರಲಿಲ್ಲ. ಅವರು ವಾದಕ್ಕೆ ನಿಲ್ಲುತ್ತಿರಲಿಲ್ಲ. "ಕೆಟ್ಟದ್ದು ಅಂತ ಗೊತ್ತಿದ್ದೇ ಸೇದ್ತೀನಿ. ಒಳ್ಳೇದು ಅಂತ ಯಾರಿಗೂ ಹೇಳಂಗಿಲ್ಲ," ಎನ್ನುತ್ತಿದ್ದರು. ಓಣಿಯ ಕಾಲೇಜು ಹುಡುಗರು ಒಂದು ಸಲ ರುಚಿ ನೋಡಲು ಕೇಳಿದಾಗ, "ಅರವತ್ತು ತುಂಬ್ಲಿ, ಬರ್ರಿ. ಅಲ್ಲೀತನಕ ಮುಟ್ಟಿದ್ರ ಇಂಜೆಕ್ಷನ್ ಕೊಡ್ತೀನಿ," ಎಂದು ಓಡಿಸಿದ್ದರು. ದಿನಕ್ಕೆ ಒಂದೇ ಪೈಪು, ಅದೂ ಸಂಜೆ.

ತಕರಾರು ಎದ್ದದ್ದು ಪೈಪಿನಿಂದಲ್ಲ, ಅದನ್ನು ಹಿಡಿದು ಅವರು ಕೂತ ಜಾಗದಿಂದ. ನಮ್ಮ ಓಣಿಯ ತಿರುವಿನಲ್ಲಿ ಬೇವಿನ ಮರದ ಸುತ್ತ ಒಂದು ಕಲ್ಲಿನ ಕಟ್ಟೆಯಿದೆ. ಸಂಜೆಯಾದರೆ ಗಂಡಸರು ಅಲ್ಲಿ ಕೂತು ಶೇಂಗಾ ರೇಟಿನಿಂದ ದೆಹಲಿಯವರೆಗೆ ಎಲ್ಲವನ್ನೂ ಇತ್ಯರ್ಥ ಮಾಡುತ್ತಿದ್ದರು. ಹೆಂಗಸರು ಅದರ ಮುಂದೆ ಸೆರಗು ಸರಿಮಾಡಿಕೊಂಡು ಬೇಗ ಬೇಗ ದಾಟುತ್ತಿದ್ದರು. ಕೂಡಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಕೂತಿರಲಿಲ್ಲ, ಅಷ್ಟೇ. ನರ್ಸಮ್ಮನ ಮನೆಗೆ ಗಾಳಿ ಬೆಳಕು ಕಡಿಮೆ. ಒಂದು ಸಂಜೆ ಅವರು ಪೈಪು ಹಿಡಿದು ನೆಟ್ಟಗೆ ಬಂದು ಕಟ್ಟೆಯ ಮೇಲೆ ಕೂತರು. ಮರುದಿನವೂ ಬಂದರು. ಯಾರೋ ಬಂದು, "ನರ್ಸಮ್ಮಾ, ನಮ್ಮತ್ತಿ ಬಿಪಿ ನೋಡ್ಬರ್ರಿ," ಎಂದಾಗ, ಅವರು ಹೊಗೆ ಬಿಟ್ಟು, ನಿಧಾನವಾಗಿ, ಒಂದೊಂದೇ ಅಕ್ಷರ ಸವಿಯುತ್ತ, "ಇದು ಮುಗಿಸಿ ಬರ್ತೀನಿ," ಎಂದರು. ಆಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಮದುವೆಮನೆಯ ಮದುಮಗಳಲ್ಲೂ ಕಂಡಿಲ್ಲ.

ದೊಡ್ಡಪ್ಪ ಶೇಂಗಾ ವ್ಯಾಪಾರಿ, ಕಟ್ಟೆಯ ಯಜಮಾನ. ಬೆಳಗಿನಿಂದ ರಾತ್ರಿಯವರೆಗೆ ಬೀಡಿ ಸೇದುವ ಆಸಾಮಿಗೆ ಈ ಒಂದು ಪೈಪು ತಡೆಯಲಾಗಲಿಲ್ಲ.

"ನರ್ಸಮ್ಮ, ಹೆಣ್ಮಕ್ಳು ಕಟ್ಟಿ ಮ್ಯಾಲ ಕುಂತು ಹೊಗಿ ಬಿಡೂದಂದ್ರ ಓಣಿ ಮರ್ಯಾದಿ ಏನಾತು?"

"ನೀವು ಬಿಡೋ ಹೊಗಿಯಾಗ ಮರ್ಯಾದಿ ಐತೇನ್ರಿ ಸಾವ್ಕಾರ್ರ?"

"ಗಂಡಸ್ರದು ಬ್ಯಾರೆ. ಚಿಲುಮಿ ಸೇದೂದು ನಮ್ಮ ಮನಿತನದಾಗ ಐತಿ. ನಮ್ಮ ಮುತ್ತ್ಯಾ ಚಿಲುಮಿ ಹಚ್ಚಿದ್ರ ಹೊಲ ಒಂದು ಸುತ್ತು ತಿರುಗಿ ಬಂದ್ರೂ ಆರತಿರಲಿಲ್ಲ. ನಿಮಗೇನ್ ಗೊತ್ತು ಬೆಂಕಿ ಕಾಯೋದು?"

ನರ್ಸಮ್ಮ ಪೈಪನ್ನು ಬಾಯಿಂದ ತೆಗೆದರು. "ಹಂಗಾರ ನೋಡೇಬಿಡೋಣು," ಎಂದರು.

ಪಂಥ ಅಲ್ಲೇ ಕುದುರಿತು. ಔಷಧಿ ಚಮಚದಲ್ಲಿ ಇಬ್ಬರಿಗೂ ಸಮನಾಗಿ ಅಳೆದ ಅದೇ ತಂಬಾಕು. ಒಂದೊಂದೇ ಕಡ್ಡಿ, ಮತ್ತೆ ಹಚ್ಚುವಂತಿಲ್ಲ. ಚಾಚಾ ಪಂಚ, ಆತ ಕೇಳಿದಾಗ ಹೊಗೆ ತೋರಿಸಬೇಕು. ಯಾರದು ಮೊದಲು ಆರುತ್ತದೋ ಅವರು ಸೋತಂತೆ. ನರ್ಸಮ್ಮ ಸೋತರೆ ತಮ್ಮ ಹಿತ್ತಲಲ್ಲಿ ಸೇದಬೇಕು, ಕಟ್ಟೆ ಹತ್ತಬಾರದು. ದೊಡ್ಡಪ್ಪ ಸೋತರೆ ಇಡೀ ಓಣಿಗೆ ಮಂಡಕ್ಕಿ ಮಿರ್ಚಿ, ನರ್ಸಮ್ಮನಿಗೆ ಕಟ್ಟೆಯ ಮೇಲೆ ಜಾಗ.

"ನನಗೊಬ್ಬಾಕಿಗೇ ಅಲ್ಲ," ಎಂದರು ನರ್ಸಮ್ಮ. "ಓಣ್ಯಾಗಿನ ಯಾವ ಹೆಣ್ಮಗಳು ಬಂದು ಕುಂತ್ರೂ ಯಾರೂ ಯಾಕ ಅನ್ನಬಾರ್ದು."

"ಆತಾತು," ಎಂದ ದೊಡ್ಡಪ್ಪ, ಗೆದ್ದವನ ಹಾಗೆ.

ಮರುದಿನ ಸಂಜೆ ಓಣಿಗೆ ಓಣಿಯೇ ನೆರೆದಿತ್ತು. ಗಂಡಸರು ಕಟ್ಟೆಯ ಸುತ್ತ, ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ. ನಾನು ಹರಪನಹಳ್ಳಿಯ ಬ್ಯಾಂಕಿನ ಕೆಲಸ ಮುಗಿಸಿ ಬಸ್ಸಿಳಿದವಳು ಹೆಗಲಲ್ಲಿ ಚೀಲವಿದ್ದ ಹಾಗೆಯೇ ನಿಂತುಬಿಟ್ಟೆ. ನಮ್ಮ ಹೊಸ್ತಿಲಲ್ಲಿ ದೊಡ್ಡವ್ವ ನಿಂತಿದ್ದಳು. ಅವಳಿಗೆ ಯಾರು ಗೆಲ್ಲಬೇಕಿತ್ತು ಎಂದು ಅವಳ ಮುಖ ನೋಡಿ ಹೇಳಲಾಗುತ್ತಿರಲಿಲ್ಲ.

ದೊಡ್ಡಪ್ಪ ಮುತ್ತ್ಯಾನ ಮಣ್ಣಿನ ಚಿಲುಮೆಗೆ ಒದ್ದೆ ಬಟ್ಟೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಮೊದಲ ದಮ್ಮಿಗೇ ಮುಖ ಕಾಣದಷ್ಟು ಹೊಗೆ. ಜನ ಭೇಷ್ ಎಂದಿತು. ಇನ್ನೂ ಜೋರಾಗಿ ಜಗ್ಗಿದ. ನರ್ಸಮ್ಮ ಚಕ್ಕಳಮಕ್ಕಳ ಹಾಕಿ ಕೂತು, ಬಸಿಯಲ್ಲಿ ಬಿಸಿ ಚಹಾ ಹೀರುವಂತೆ ಒಂದೊಂದು ಗುಟುಕು ಎಳೆಯುತ್ತಿದ್ದರು. ಹೊಗೆಯನ್ನು ಎದೆಗಿಳಿಸದೆ ಬಾಯಲ್ಲೇ ಆಡಿಸಿ ಬಿಡುತ್ತಿದ್ದರು. ಮಾತಿಲ್ಲ, ಕಥೆಯಿಲ್ಲ. ದೊಡ್ಡಪ್ಪ ಮಾತ್ರ ಎರಡು ದಮ್ಮಿನ ನಡುವೆ ಮುತ್ತ್ಯಾನ ಪುರಾಣ ಹೇಳುತ್ತಿದ್ದ. ಚಿಲುಮೆ ಕಾದು, ಕೈ ಬದಲಿಸಿ ಬದಲಿಸಿ ಹಿಡಿಯುತ್ತಿದ್ದ.

ಹೊತ್ತು ಮುಳುಗುವ ಸಮಯಕ್ಕೆ ನರ್ಸಮ್ಮನ ಪೈಪಿನ ಹೊಗೆ ಕಾಣದಾಯಿತು. ಕಣ್ಣು ಮುಚ್ಚಿದ್ದರು. ಕಪ್ಪು ಹೆಬ್ಬೆರಳನ್ನು ಪೈಪಿನ ಬಾಯಿಗೆ ಇಟ್ಟು, ಹಸುಗೂಸಿನ ನೆತ್ತಿ ಮುಟ್ಟುವಷ್ಟು ಹಗುರವಾಗಿ ಒತ್ತಿದರು.

"ಆರೇತಿ!" ದೊಡ್ಡಪ್ಪ ಎದ್ದು ನಿಂತ. "ನೋಡ್ರಲೇ, ಆರೇತಿ! ನಾ ಹೇಳಿದ್ದಿಲ್ಲ? ಬೆಂಕಿ ಕಾಯೋದು ಹೆಣ್ಮಕ್ಳ ಕೆಲಸಲ್ಲ!" ಚಿಲುಮೆಯನ್ನು ಬೀಸಿ ಬೀಸಿ ಓಣಿಯ ಆ ತುದಿಯವರಿಗೂ ಕೇಳುವಂತೆ ಭಾಷಣ ಮಾಡಿದ. ಒಲೆಯ ಮುಂದೆ ಬದುಕು ಸವೆಸಿದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಆ ಮಾತನ್ನು ಕೇಳಿದರು.

"ನರ್ಸಮ್ಮಾ, ಹೊಗಿ ತೋರಸ್ರಿ," ಎಂದ ಚಾಚಾ.

ಅವರು ಎಳೆದರು. ಏನೂ ಇಲ್ಲ. ಇನ್ನೊಮ್ಮೆ, ಇನ್ನೂ ಮೆಲ್ಲಗೆ ಎಳೆದರು. ತುಟಿಯ ಅಂಚಿನಿಂದ ಒಂದು ಎಳೆ ಹೊಗೆ ಹೊರಬಂತು. ಆಮೇಲೆ ಇನ್ನೊಂದು ಎಳೆ. ಬೆಲ್ಲ, ಲವಂಗದ ವಾಸನೆ ಕಟ್ಟೆಯ ತುಂಬ ಹರಡಿತು.

ಚಾಚಾ ತಿರುಗಿದ. "ಸಾವ್ಕಾರ್ರ, ಈಗ ನಿಮ್ದು."

ದೊಡ್ಡಪ್ಪ ಚಿಲುಮೆ ಬಾಯಿಗಿಟ್ಟು ಜಗ್ಗಿದ. ಗೊರ್ ಎಂದು ಸದ್ದು ಬಂತು, ಹೊಗೆ ಬರಲಿಲ್ಲ. ಗಲ್ಲ ಒಳಗೆ ಹೋಗುವಂತೆ ಮತ್ತೊಮ್ಮೆ ಜಗ್ಗಿದ. ಬಾಯಿ ತುಂಬ ಬೂದಿ! ಭಾಷಣದ ಭರಾಟೆಯಲ್ಲಿ ತನ್ನ ಬೆಂಕಿಯನ್ನೇ ಮರೆತಿದ್ದ. ಅವನು ಕೆಮ್ಮುತ್ತ ಕೂತಾಗ ಓಣಿ ನಕ್ಕ ನಗೆ ಬಸ್ ಸ್ಟ್ಯಾಂಡಿಗೂ ಕೇಳಿರಬೇಕು.

ನರ್ಸಮ್ಮ ನಗಲಿಲ್ಲ. ನೀರಿನ ತಂಬಿಗೆಯನ್ನು ದೊಡ್ಡಪ್ಪನ ಕಡೆ ಸರಿಸಿ, "ಅವಸರ ಮಾಡಿದ್ರಿ ಸಾವ್ಕಾರ್ರ," ಎಂದರು.

ದೊಡ್ಡಪ್ಪ ಮಾತಿಗೆ ತಪ್ಪುವವನಲ್ಲ. ಆ ಸಂಜೆಯೇ ಬುಟ್ಟಿಗಟ್ಟಲೆ ಮಂಡಕ್ಕಿ, ಬಿಸಿ ಬಿಸಿ ಮಿರ್ಚಿ ಬಂದವು. ಎಲ್ಲರೂ ತಿನ್ನುತ್ತಿರುವಾಗ ನಮ್ಮ ಹೊಸ್ತಿಲಿಂದ ದೊಡ್ಡವ್ವ ಇಳಿದಳು. ತನ್ನ ಪಾಲಿನ ತಟ್ಟೆ ಹಿಡಿದು, ಎಲ್ಲರ ಮುಂದೆಯೇ ನಡೆದು ಬಂದು, ನರ್ಸಮ್ಮನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಮೊದಲ ಸಲ.

"ನೀ ಯಾಕ ಬಂದಿ ಇಲ್ಲಿ?" ಎಂದ ದೊಡ್ಡಪ್ಪ.

"ಯಾಕ ಅನ್ನಂಗಿಲ್ಲ ಅಂತ ಪಂಥ ಆಗೇತಲ್ಲ," ಎಂದು ದೊಡ್ಡವ್ವ ಮಿರ್ಚಿ ಕಚ್ಚಿದಳು.

ಅವಳ ಹಿಂದೆ ಅವ್ವ ಬಂದಳು. ಅವ್ವನ ಹಿಂದೆ ನಾನು. ಚೀಲ ಕೆಳಗಿಟ್ಟು ಕೂತೆ. ಕಲ್ಲು ಇನ್ನೂ ಬಿಸಿಲಿನ ಕಾವು ಹಿಡಿದುಕೊಂಡಿತ್ತು. ಹುಟ್ಟಿದಾಗಿನಿಂದ ನೋಡಿದ ಓಣಿ ಅಲ್ಲಿಂದ ಎಷ್ಟು ಅಗಲ ಕಾಣುತ್ತದೆಂದು ನನಗೆ ಅವತ್ತು ಗೊತ್ತಾಯಿತು.

ಆಮೇಲೆ ನರ್ಸಮ್ಮ, ದೊಡ್ಡಪ್ಪ ಇಬ್ಬರೂ ಸಂಜೆಗೆ ಜೊತೆಗಾರರಾದರು. ದೊಡ್ಡಪ್ಪ ಬಂದು, "ಸ್ವಲ್ಪ ಸರೀರಿ ನರ್ಸಮ್ಮ," ಎಂದರೆ, ಅವರು ಸರಿಯುವ ಮೊದಲು ಅವನ ಜೇಬಿನ ಬೀಡಿ ಕಟ್ಟು ಕಿತ್ತಿಟ್ಟುಕೊಂಡು ಎದ್ದು ಹೋಗುವಾಗ ವಾಪಸ್ ಕೊಡುತ್ತಿದ್ದರು. ಅವನ ಬೀಡಿ ಅರ್ಧಕ್ಕೆ ಇಳಿದದ್ದು ಹಾಗೆ.

ಹೋದ ವರ್ಷ ನರ್ಸಮ್ಮ ತೀರಿಕೊಂಡರು. ಎದೆ ನೋವೆಂದು ಮಲಗಿದವರು ಏಳಲಿಲ್ಲ. ಹೊಗೆಯೇ ಕಾರಣವೆಂದರು ಕೆಲವರು. ಇದ್ದರೂ ಇರಬಹುದು, ಅವರೇ ಇದ್ದಿದ್ದರೆ ಇಲ್ಲವೆಂದು ವಾದಿಸುತ್ತಿರಲಿಲ್ಲ. ನಮ್ಮಲ್ಲಿ ಮಣ್ಣಿಗೆ ಒಯ್ಯುವ ಮುನ್ನ ವಿಭೂತಿ ಹಚ್ಚಿ, ಹೂ ಹಾಕಿ, ಎಲ್ಲರೂ ನೋಡುವಂತೆ ಕೂರಿಸುತ್ತಾರೆ. ಅವರ ಮನೆಯ ಮುಂದೆ ಗೋಡೆಗೆ ಒರಗಿಸಲು ಹಲಗೆ ಹೊಂದಿಸುತ್ತಿದ್ದರು. ದೊಡ್ಡಪ್ಪ ಕೋಲೂರಿಕೊಂಡು ಬಂದವನು ಅದನ್ನು ತಡೆದ.

"ಇಲ್ಲಿ ಬ್ಯಾಡ. ಕಟ್ಟಿ ಮ್ಯಾಲ ಕುಂದ್ರಸ್ರಿ."

"ಅದು ಗಂಡಸ್ರು ಕುಂದ್ರೋ..." ಎಂದು ಪರ ಊರಿನಿಂದ ಬಂದ ಸಂಬಂಧಿಕರು ಯಾರೋ ಶುರುಮಾಡಿದರು.

"ಆಕಿ ಗೆದ್ದ ಜಾಗ ಅದು," ಎಂದ ದೊಡ್ಡಪ್ಪ. "ಸೋತಾಂವ ನಾನು ಹೇಳಾಕತ್ತೀನಿ. ಕುಂದ್ರಸ್ರಿ."

ಬೇವಿನ ನೆರಳಲ್ಲಿ, ಕಟ್ಟೆಯ ನಡುಮಧ್ಯದಲ್ಲಿ ಅವರನ್ನು ಕೂರಿಸಿದೆವು. ಅವರು ಹೆರಿಗೆ ಮಾಡಿಸಿದ ಊರೂರಿನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದು ಸುತ್ತಲೂ ಕೂತರು. ಗಂಡಸರಿಗೆ ನಿಲ್ಲುವುದಕ್ಕೂ ಜಾಗವಿರಲಿಲ್ಲ. ಮೈ ತೊಳೆದವರು ಎಷ್ಟು ತಿಕ್ಕಿದರೂ ಆ ಹೆಬ್ಬೆರಳು ಕಪ್ಪಾಗಿಯೇ ಇತ್ತು.

ನನಗೆ ಹೊಗೆಯ ಆಸೆಯಿಲ್ಲ. ಆದರೆ ಸಂಜೆ ಬಸ್ಸಿಳಿದು, ಮದುವೆಯಾದ ಮೇಲೆ ಪಕ್ಕದ ಓಣಿಯಲ್ಲಿ ಮಾಡಿದ ಮನೆ ಸೇರುವ ಮೊದಲು ಕಟ್ಟೆಯ ಮೇಲೆ ಕೂಡುತ್ತೇನೆ. ದೊಡ್ಡವ್ವ ಮೊದಲೇ ಬಂದು ಜಾಗ ಹಿಡಿದಿರುತ್ತಾಳೆ. ಅಷ್ಟರಲ್ಲಿ ಗಂಡನ ಫೋನು ಬರುತ್ತದೆ: ಕುಕ್ಕರು ಎಲ್ಲಿದೆ, ಅಕ್ಕಿ ಎಷ್ಟು ಹಾಕಲಿ, ಇನ್ನೂ ಎಷ್ಟು ಹೊತ್ತು. ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಆದರೂ ನಿಧಾನವಾಗಿ, ಒಂದೊಂದೇ ಅಕ್ಷರ ಸವಿಯುತ್ತ ಹೇಳುತ್ತೇನೆ:

"ಇದು ಮುಗಿಸಿ ಬರ್ತೀನಿ."